‘ಇಲ್ಲ’ ಎಂಬ ಉತ್ತರದ ಬೆಲೆ

ಕಾಲೇಜುಗಳಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಗಳನ್ನು ನೋಡಿ ಬಂದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಅಲ್ಲಿ ಯಾವ ಮೇಜಿನ ಮುಂದೆ ನಿಂತರೂ ‘ಹೀಗೆ ಮಾಡಿದೆವು, ಹೀಗಾಯಿತು’ ಎಂದು ಉತ್ಸಾಹದಿಂದ ವಿವರಿಸುವ ವಿದ್ಯಾರ್ಥಿ ಇರುತ್ತಾನೆ. ‘ಹೀಗೆ ಮಾಡಿದೆವು, ಏನೂ ಆಗಲಿಲ್ಲ’ ಎಂದು ಹೇಳುವವನು ಇಡೀ ಸಭಾಂಗಣವನ್ನು ಹುಡುಕಿದರೂ ಸಿಗುವುದಿಲ್ಲ. ಏನೂ ಆಗದ ಪ್ರಯೋಗದಲ್ಲಿ ಜನರಿಗೆ ತೋರಿಸುವುದಾದರೂ ಏನಿದೆ ಎಂಬುದು ಸಾಮಾನ್ಯ ಭಾವನೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಅದು ತಪ್ಪೆಂದು ನನಗೆ ಕಲಿಸಿದವು ಹಣ್ಣುನೊಣಗಳು.

ನಡೆದುದು ಹೀಗೆ. ಕೆಲವು ವರ್ಷಗಳ ಹಿಂದೆ ನಮ್ಮ ಬಿ.ಎಸ್‌ಸಿ. ತರಗತಿಯ ಇಬ್ಬರು ವಿದ್ಯಾರ್ಥಿನಿಯರು ಒಂದು ಸೊಗಸಾದ ಪ್ರಶ್ನೆಯನ್ನು ಹೊತ್ತು ನನ್ನ ಬಳಿಗೆ ಬಂದರು: ನೊಣಕ್ಕೆ ಅಯಸ್ಕಾಂತದ ಇರವು ತಿಳಿಯುತ್ತದೆಯೆ? ಹಳೆಯ ಧ್ವನಿವರ್ಧಕವೊಂದರಿಂದ ಕಿತ್ತ ಬಲವಾದ ಕಾಂತ ಪ್ರಯೋಗಶಾಲೆಯಲ್ಲಿತ್ತು. ಕಳಿತ ಬಾಳೆಹಣ್ಣನ್ನು ಬಾಯಿ ತೆರೆದ ಸೀಸೆಯಲ್ಲಿಟ್ಟರೆ ಹಣ್ಣುನೊಣಗಳಿಗೆ ಬರವಿಲ್ಲ. ಎರಡು ಅಡಿ ಉದ್ದದ ಗಾಜಿನ ನಳಿಗೆಯ ನಡುಭಾಗದಲ್ಲಿ ನೊಣಗಳನ್ನು ಬಿಟ್ಟು, ಒಂದು ತುದಿಯ ಬಳಿ ಕಾಂತವನ್ನಿಟ್ಟು, ಹತ್ತು ನಿಮಿಷಗಳ ಬಳಿಕ ಎರಡು ಕಡೆಯವನ್ನೂ ಎಣಿಸಿದರು. ೪೦ ನೊಣಗಳಲ್ಲಿ ೨೭ ಕಾಂತದ ಕಡೆ, ೧೩ ಇನ್ನೊಂದು ಕಡೆ. ನಾನು ಸಂತೋಷದಿಂದ ವರದಿಗೆ ಸಹಿ ಹಾಕಿದೆ. ಅದು ಪ್ರದರ್ಶನಕ್ಕೆ ಹೋಯಿತು, ಬಹುಮಾನವನ್ನೂ ಪಡೆಯಿತು.

ಆಮೇಲೆ ಪ್ರಾಣಿಶಾಸ್ತ್ರ ವಿಭಾಗದ ನನ್ನ ಸಹೋದ್ಯೋಗಿಯೊಬ್ಬರು ಒಂದೇ ಒಂದು ಮಾತು ಕೇಳಿದರು: “ಕಾಂತವನ್ನು ಇನ್ನೊಂದು ತುದಿಗಿಟ್ಟು ನೋಡಿದಿರಾ?” ನೋಡಿರಲಿಲ್ಲ. ಕಾಂತವಿದ್ದ ತುದಿಯೇ ಕಿಟಕಿಯ ಕಡೆಗಿದ್ದ ತುದಿ. ಹಣ್ಣುನೊಣವು ಬೆಳಕಿನ ಕಡೆಗೆ ಸಾಗುವ ಜೀವಿಯೆಂಬುದು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಭೌತಶಾಸ್ತ್ರದ ಅಧ್ಯಾಪಕನಾದ ನಾನು ಅದನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ಪ್ರಯೋಗವನ್ನು ಮತ್ತೆ ಮಾಡಿದೆವು. ಕಿಟಕಿಗೆ ಪರದೆ ಎಳೆದೆವು. ಕಾಂತದಷ್ಟೇ ದೊಡ್ಡದಾದ ಹಿತ್ತಾಳೆಯ ತುಂಡನ್ನು ಇನ್ನೊಂದು ತುದಿಗಿಟ್ಟು, ಎರಡನ್ನೂ ಒಂದೇ ಬಗೆಯ ಕಾಗದದಲ್ಲಿ ಸುತ್ತಿದೆವು. ಪ್ರತಿ ಸಲವೂ ಯಾವುದು ಎಲ್ಲಿರಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ, ಅದನ್ನರಿಯದವರಿಂದ ಎಣಿಕೆ ಮಾಡಿಸಿದೆವು. ಹದಿನೈದು ದಿನಗಳ ಎಣಿಕೆಯ ಕೊನೆಗೆ ಎರಡು ತುದಿಗಳೂ ಹೆಚ್ಚುಕಡಿಮೆ ಸಮವಾದವು. ಈ ಹೊಸ ಫಲಿತಾಂಶವನ್ನು ತಿಳಿಸಿ ಪ್ರದರ್ಶನವನ್ನು ಏರ್ಪಡಿಸಿದವರಿಗೆ ಪತ್ರ ಬರೆದೆವು, ಉತ್ತರ ಬರಲಿಲ್ಲ. ಅಂದು ಆ ಹುಡುಗಿಯರಲ್ಲೊಬ್ಬಳು ಕೇಳಿದಳು: “ಹಾಗಾದರೆ ನಮ್ಮ ಪ್ರಯೋಗ ಕೆಟ್ಟುಹೋಯಿತೆ, ಸಾರ್?” ನಾನು ಏನೋ ಸಮಾಧಾನದ ಮಾತು ಹೇಳಿದೆ. ಸರಿಯಾದ ಉತ್ತರ ನನಗೆ ಆಗ ಹೊಳೆಯಲಿಲ್ಲ. ಈ ಲೇಖನವೇ ಆ ಉತ್ತರ.

ಮೊದಲಿಗೆ ಪ್ರಶ್ನೆಯ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳೋಣ. ಸ್ಥಿರ ಕಾಂತಕ್ಷೇತ್ರವೆಂದರೆ ಕಾಲಕಾಲಕ್ಕೆ ತನ್ನ ಬಲವನ್ನಾಗಲಿ ದಿಕ್ಕನ್ನಾಗಲಿ ಬದಲಿಸದ ಕ್ಷೇತ್ರ. ಮೇಜಿನ ಮೇಲೆ ಸುಮ್ಮನಿರುವ ಕಾಂತದ ಸುತ್ತ ಇರುವುದು ಅಂಥ ಕ್ಷೇತ್ರ. ಭೂಮಿಯ ಕ್ಷೇತ್ರವೂ, ಅದರ ಅತ್ಯಲ್ಪ ಏರಿಳಿತಗಳನ್ನು ಬಿಟ್ಟರೆ, ಅಂಥದೇ. ಮೊಬೈಲ್ ಗೋಪುರಗಳಿಂದ ಹೊರಡುವ ಅಲೆಗಳ ಮಾತು ಬೇರೆ. ಅದನ್ನು ಇಲ್ಲಿ ಬೆರೆಸಬಾರದು. ಕಾಂತಕ್ಷೇತ್ರದ ಬಲವನ್ನು ಟೆಸ್ಲಾ ಎಂಬ ಮಾನದಿಂದ ಅಳೆಯುತ್ತಾರೆ. ನಮ್ಮ ನಾಡಿನಲ್ಲಿ ಭೂಮಿಯ ಕ್ಷೇತ್ರದ ಬಲ ಸುಮಾರು ೪೦ ಮೈಕ್ರೋಟೆಸ್ಲಾ, ಎಂದರೆ ಒಂದು ಟೆಸ್ಲಾದ ೨೫,೦೦೦ದಲ್ಲಿ ಒಂದು ಪಾಲು. ಧ್ವನಿವರ್ಧಕದ ಕಾಂತಕ್ಕೆ ಒತ್ತಿ ಹಿಡಿದರೆ ಕ್ಷೇತ್ರ ಇದರ ಸಾವಿರ ಪಟ್ಟಿಗೂ ಮೀರಬಲ್ಲದು. ಆದುದರಿಂದ ‘ಕೀಟಗಳ ಮೇಲೆ ಕಾಂತದ ಪರಿಣಾಮವುಂಟೆ?’ ಎಂಬುದು ವಾಸ್ತವವಾಗಿ ಎರಡು ಪ್ರಶ್ನೆಗಳು. ಪ್ರಬಲವಾದ ಕ್ಷೇತ್ರವು ಜೀವಿಯನ್ನು ಯಾವ ರೀತಿಯಿಂದಲಾದರೂ ಕದಲಿಸಬಲ್ಲದೆ ಎಂಬುದು ಒಂದು. ಭೂಮಿಯ ದುರ್ಬಲ ಕ್ಷೇತ್ರವನ್ನು ಜೀವಿಯು ಗ್ರಹಿಸಿ ಬಳಸಿಕೊಳ್ಳಬಲ್ಲದೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ೧೯೯೭ರಲ್ಲಿ ನೆದರ್‌ಲೆಂಡ್ಸಿನ ನೈಮೇಖೆನ್ ನಗರದಲ್ಲಿ ಆಂದ್ರೆ ಗೈಮ್ ಮತ್ತು ಅವರ ಸಂಗಡಿಗರು ಸುಮಾರು ೧೬ ಟೆಸ್ಲಾ ಕ್ಷೇತ್ರವುಳ್ಳ ಕಾಂತದೊಳಗೆ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿ ತೋರಿಸಿದರು; ಮಿಡತೆಯನ್ನೂ ತೇಲಿಸಿದರು. ಕಪ್ಪೆಗಾಗಲಿ ಮಿಡತೆಗಾಗಲಿ ಅಲ್ಲಿ ಯಾವ ವಿಶೇಷ ಇಂದ್ರಿಯವೂ ಬೇಕಾಗಿರಲಿಲ್ಲ. ಮೈಯಲ್ಲಿರುವ ನೀರನ್ನು ಕಾಂತವು ಬಹು ಮೆಲ್ಲಗೆ ದೂರ ತಳ್ಳುತ್ತದೆ. ಕ್ಷೇತ್ರವು ಸಾಕಷ್ಟು ಬಲವಾಗಿದ್ದು, ಮೇಲಕ್ಕೆ ಹೋದಂತೆ ಬೇಗಬೇಗನೆ ಕುಗ್ಗುತ್ತಿದ್ದರೆ, ಆ ತಳ್ಳುವಿಕೆಯೇ ಜೀವಿಯ ತೂಕವನ್ನು ಹೊರುತ್ತದೆ. ನೀರಿನ ಹನಿಯೂ ಅಲ್ಲಿ ಹಾಗೆಯೇ ತೇಲುತ್ತದೆ.

ಕಷ್ಟವಿರುವುದು ಎರಡನೆಯ ಪ್ರಶ್ನೆಯಲ್ಲಿ. ಅದೇಕೆಂದು ತಿಳಿಯಲು ಒಂದು ಲೆಕ್ಕ ಸಾಕು. ಯಾವ ಜೀವಕೋಶದಲ್ಲಾದರೂ ಅಣುಗಳು ಉಷ್ಣದಿಂದ ಸದಾ ತಳಮಳಿಸುತ್ತಿರುತ್ತವೆ. ಈ ತಳಮಳದಲ್ಲಿ ಒಂದೊಂದು ಅಣುವಿಗೂ ಸಲ್ಲುವ ಶಕ್ತಿ ಬಹಳ ಚಿಕ್ಕದು. ಆದರೆ ಭೂಮಿಯ ಕ್ಷೇತ್ರದಲ್ಲಿ ಒಂದು ಎಲೆಕ್ಟ್ರಾನು ಪಡೆಯುವ ಕಾಂತೀಯ ಶಕ್ತಿಯು ಅದರ ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು! ಜಾತ್ರೆಯ ಗದ್ದಲದ ನಡುವೆ ಇರುವೆಯ ಹೆಜ್ಜೆಯ ಸಪ್ಪಳವನ್ನು ಕೇಳಿಸಿಕೊಳ್ಳಬೇಕಾದಂತಾಯಿತು. ಹಾಗಿರುವಾಗ ಜೀವಿಗಳು ಭೂಕಾಂತತ್ವವನ್ನು ಅರಿಯುತ್ತವೆಂದು ಯಾರಾದರೂ ಹೇಳಿದರೆ, ಭೌತವಿಜ್ಞಾನಿಯು ‘ಹೇಗೆ?’ ಎಂದು ಕೇಳಲೇಬೇಕು.

ಈ ‘ಹೇಗೆ’ಗೆ ಮುಖ್ಯವಾಗಿ ಎರಡು ಉತ್ತರಗಳಿವೆ. ಒಂದನೆಯದು ಸೂಜಿಗಲ್ಲು, ಎಂದರೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡು. ಕೋಟಿಗಟ್ಟಲೆ ಎಲೆಕ್ಟ್ರಾನುಗಳು ಒಂದೇ ಹರಳಿನಲ್ಲಿ ಒಟ್ಟಾಗಿ ಒಂದೇ ದಿಕ್ಕಿಗೆ ನಿಂತರೆ, ಅವುಗಳ ಬಲ ಕೂಡಿಕೊಳ್ಳುತ್ತದೆ. ಒಂದು ಮಿಲಿಮೀಟರಿನ ೨೦,೦೦೦ದಲ್ಲಿ ಒಂದು ಪಾಲಿನಷ್ಟು ಅಂಚುಳ್ಳ ಮ್ಯಾಗ್ನಟೈಟ್ ಹರಳನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ, ನಮ್ಮ ನಾಡಿನ ಭೂಕ್ಷೇತ್ರದಲ್ಲಿ ಅದರ ಶಕ್ತಿಯು ಉಷ್ಣದ ತಳಮಳದ ಅರ್ಧಕ್ಕಿಂತ ತುಸು ಹೆಚ್ಚಾಗುತ್ತದೆ. ಇಂಥ ಇಪ್ಪತ್ತು ಹರಳುಗಳನ್ನು ಸರದಂತೆ ಪೋಣಿಸಿದರೆ ಅದು ತಳಮಳದ ಹತ್ತು ಹನ್ನೆರಡು ಪಟ್ಟಾಗಿ, ದಿಕ್ಸೂಚಿಯ ಮುಳ್ಳಿನಂತೆ ವರ್ತಿಸತೊಡಗುತ್ತದೆ. ೧೯೭೫ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಪ್ರಕಟಿಸಿದ ಕಾಂತಾನುಸಾರಿ ಬ್ಯಾಕ್ಟೀರಿಯಗಳಲ್ಲಿ ಇರುವುದು ಇಂಥ ಸರವೇ. ಜೀವಿಗಳು ಮ್ಯಾಗ್ನಟೈಟನ್ನು ತಾವಾಗಿ ತಯಾರಿಸಬಲ್ಲವೆಂಬುದು ಅದಕ್ಕೂ ಮೊದಲೇ, ೧೯೬೨ರಲ್ಲಿ, ಬೆನ್ನುಮೂಳೆಯಿಲ್ಲದ ಒಂದು ಪ್ರಾಣಿಯಿಂದಲೇ ತಿಳಿದಿತ್ತು. ಕಡಲಂಚಿನ ಬಂಡೆಗಳಿಗೆ ಅಂಟಿಕೊಂಡು ಬಾಳುವ ಕೈಟನ್ ಎಂಬ ಮೃದ್ವಂಗಿಯ ಹಲ್ಲುಗಳಿಗೆ ಮ್ಯಾಗ್ನಟೈಟಿನ ಕವಚವಿದೆಯೆಂದು ಹೈಂಟ್ಸ್ ಲೋವೆನ್‌ಸ್ಟಾಮ್ ತೋರಿಸಿದ್ದರು. ಆ ಗಟ್ಟಿ ಹಲ್ಲುಗಳಿಂದ ಕೈಟನ್ನು ಬಂಡೆಯನ್ನು ಕೆರೆದು ಪಾಚಿಯನ್ನು ತಿನ್ನುತ್ತದೆ. ಇಲ್ಲಿಯೇ ಒಂದು ಎಚ್ಚರಿಕೆಯ ಪಾಠವೂ ಇದೆ: ಮೈಯಲ್ಲಿ ಸೂಜಿಗಲ್ಲು ಇದ್ದ ಮಾತ್ರಕ್ಕೆ ಅದು ದಿಕ್ಸೂಚಿಯಾಗಬೇಕಿಲ್ಲ; ಹಲ್ಲಾಗಿಯೂ ಇರಬಹುದು.

ಎರಡನೆಯ ಉತ್ತರ ಹೆಚ್ಚು ಸೂಕ್ಷ್ಮವಾದುದು. ೧೯೭೮ರಲ್ಲಿ ಕ್ಲೌಸ್ ಶುಲ್ಟೆನ್ ಮತ್ತು ಸಂಗಡಿಗರು ಅದನ್ನು ಮುಂದಿಟ್ಟರು. ಬೆಳಕನ್ನು ಹೀರಿದ ಕೆಲವು ಅಣುಗಳಲ್ಲಿ ಜೋಡಿ ಎಲೆಕ್ಟ್ರಾನುಗಳು ಕ್ಷಣಕಾಲ ಬೇರ್ಪಡುತ್ತವೆ. ಆ ಜೋಡಿಯ ಮುಂದೆ ಎರಡು ದಾರಿಗಳಿರುತ್ತವೆ. ಯಾವ ದಾರಿ ಹಿಡಿಯುತ್ತದೆಂಬುದು ಎಲೆಕ್ಟ್ರಾನುಗಳ ಗಿರಕಿಯನ್ನು ಅವಲಂಬಿಸಿದೆ. ಸಹ್ಯಾದ್ರಿಯ ನೆತ್ತಿಯ ಮೇಲೆ ಬೀಳುವ ಮಳೆಹನಿಯನ್ನು ಊಹಿಸಿಕೊಳ್ಳಿ. ಗೇಣುದ್ದ ಪಶ್ಚಿಮಕ್ಕೆ ಬಿದ್ದರೆ ಅದು ಅರಬ್ಬಿ ಸಮುದ್ರಕ್ಕೆ, ಗೇಣುದ್ದ ಪೂರ್ವಕ್ಕೆ ಬಿದ್ದರೆ ಬಂಗಾಳ ಕೊಲ್ಲಿಗೆ. ಹನಿಯನ್ನು ಕಡಲಿನವರೆಗೆ ಹೊತ್ತೊಯ್ಯುವ ಶಕ್ತಿ ತಂಗಾಳಿಗಿಲ್ಲ. ಆದರೆ ಯಾವ ಕಡಲೆಂಬುದನ್ನು ನಿರ್ಧರಿಸಲು ತಂಗಾಳಿಯೇ ಸಾಕು. ದುರ್ಬಲವಾದ ಭೂಕ್ಷೇತ್ರವು ಎಲೆಕ್ಟ್ರಾನು ಜೋಡಿಯ ವಿಷಯದಲ್ಲಿ ಆ ತಂಗಾಳಿಯ ಪಾತ್ರ ವಹಿಸಬಹುದೆಂಬುದು ಈ ವಾದ. ನೀಲಿ ಬೆಳಕನ್ನು ಹೀರುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನು ಇದರ ನೆಲೆಯಾಗಿರಬಹುದೆಂದು ೨೦೦೦ದಲ್ಲಿ ಶುಲ್ಟೆನ್‌ರೂ ಅವರ ಜೊತೆಗಾರರೂ ಸೂಚಿಸಿದರು.

ಹೀಗೆ ಮಾರ್ಗಗಳು ಇವೆ. ಆದರೆ ಮಾರ್ಗವಿದೆಯೆಂದ ಮಾತ್ರಕ್ಕೆ ಯಾರೋ ಅದರಲ್ಲಿ ನಡೆದರೆಂದು ಹೇಳಲಾಗುವುದಿಲ್ಲ. ಅದನ್ನು ಜೀವಿಯನ್ನೇ ಕೇಳಬೇಕು. ಹಾಗೆ ಕೇಳಿ ‘ಹೌದು’ ಎಂಬ ಉತ್ತರ ಪಡೆದವರೂ ಇದ್ದಾರೆ.

ಜೇನುನೊಣವು ಗೂಡಿನ ಕತ್ತಲಿನಲ್ಲಿ, ನೇರವಾಗಿ ನೇತುಬಿದ್ದ ಎರಿಯ ಮೇಲೆ ಕುಣಿದು, ಹೂವಿರುವ ದಿಕ್ಕನ್ನು ಸಂಗಾತಿಗಳಿಗೆ ತಿಳಿಸುತ್ತದೆಂಬುದನ್ನು ಕಾರ್ಲ್ ಫಾನ್ ಫ್ರಿಷ್ ಕಂಡುಹಿಡಿದರು. ಈ ಕುಣಿತದ ಕೋನದಲ್ಲಿ ಒಂದು ಚಿಕ್ಕ ತಪ್ಪು ಇರುತ್ತದೆ; ದಿನದ ಹೊತ್ತಿಗೆ ತಕ್ಕಂತೆ ಅದು ಕ್ರಮವಾಗಿ ಬದಲಾಗುತ್ತದೆ. ೧೯೬೮ರಲ್ಲಿ ಮಾರ್ಟಿನ್ ಲಿಂಡೌವರ್ ಮತ್ತು ಹರ್ಮನ್ ಮಾರ್ಟಿನ್ ಎಂಬ ಜರ್ಮನ್ ವಿಜ್ಞಾನಿಗಳು ಗೂಡಿನ ಸುತ್ತ ತಂತಿಯ ಸುರುಳಿಗಳನ್ನಿಟ್ಟು, ಭೂಮಿಯ ಕ್ಷೇತ್ರವನ್ನು ಬಹುಮಟ್ಟಿಗೆ ಅಳಿಸಿಹಾಕಿದಾಗ ಆ ತಪ್ಪು ಮಾಯವಾಯಿತೆಂದು ವರದಿ ಮಾಡಿದರು. ಮುಂದೆ ೧೯೮೦ರ ದಶಕದಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ವಾಕರ್ ಮತ್ತು ಬಿಟರ್‌ಮನ್ ಜೇನುನೊಣಗಳಿಗೆ ಸಕ್ಕರೆ ನೀರಿನ ಆಸೆ ತೋರಿಸಿ, ಕಾಂತಕ್ಷೇತ್ರದ ವ್ಯತ್ಯಾಸವನ್ನು ಗುರುತಿಸಲು ಕಲಿಸಿದರು. ನೊಣದ ಹೊಟ್ಟೆಯ ಭಾಗಕ್ಕೆ ಪುಟ್ಟ ಕಾಂತವನ್ನು ಅಂಟಿಸಿದಾಗ ಈ ಗುರುತು ಹಿಡಿಯುವ ಸಾಮರ್ಥ್ಯ ಕುಗ್ಗಿತು. ಎರಡು ಬೇರೆ ಬೇರೆ ಬಗೆಯ ಪ್ರಯೋಗಗಳು ಒಂದೇ ಕಡೆಗೆ ಬೆರಳು ತೋರಿದುದನ್ನು ಇಲ್ಲಿ ಗಮನಿಸಬೇಕು.

ಸಮುದ್ರದ ತಳದಲ್ಲಿ ನಡೆದಾಡುವ ಸ್ಪೈನಿ ಲಾಬ್‌ಸ್ಟರ್ ಎಂಬ ಪ್ರಾಣಿಯದು ಇನ್ನೂ ಸ್ವಾರಸ್ಯವಾದ ಕಥೆ. ೨೦೦೩ರಲ್ಲಿ ಬೋಲ್ಸ್ ಮತ್ತು ಲೋಮನ್ ಫ್ಲಾರಿಡದ ಬಳಿ ಹಿಡಿದ ಇಂಥ ಪ್ರಾಣಿಗಳನ್ನು, ಅವು ಇದ್ದ ಸ್ಥಳಕ್ಕಿಂತ ಬಹು ದೂರ ಉತ್ತರದಲ್ಲಿ ಇರಬಹುದಾದ ಕಾಂತಕ್ಷೇತ್ರದೊಳಗೆ ಇಟ್ಟರು. ಅವು ದಕ್ಷಿಣಕ್ಕೆ ಹೊರಟವು. ದಕ್ಷಿಣದ ಕ್ಷೇತ್ರದೊಳಗೆ ಇಟ್ಟವು ಉತ್ತರಕ್ಕೆ ಹೊರಟವು. ಪ್ರಾಣಿಗಳು ಕದಲಿರಲಿಲ್ಲ, ಸುತ್ತಣ ಕ್ಷೇತ್ರ ಮಾತ್ರ ಬದಲಾಗಿತ್ತು. ಆದರೂ ಅವು ತಾವು ಮನೆಯಿಂದ ದೂರವಾದೆವೆಂದು ತಿಳಿದು ಮನೆಯ ಕಡೆಗೆ ಮುಖ ಮಾಡಿದವು. ಆಸ್ಟ್ರೇಲಿಯದ ಬೊಗಾಂಗ್ ಪತಂಗವು ರಾತ್ರಿಯ ಹೊತ್ತು ಸುಮಾರು ೧,೦೦೦ ಕಿಲೋಮೀಟರ್ ಹಾರಿ ಪರ್ವತಗಳ ತಂಪು ಗುಹೆಗಳಿಗೆ ಹೋಗುತ್ತದೆ. ೨೦೧೮ರಲ್ಲಿ ಎರಿಕ್ ವಾರಂಟ್ ಮತ್ತು ಅವರ ಸಂಗಡಿಗರು ಈ ಪತಂಗಕ್ಕೆ ಕಣ್ಣಿಗೆ ಕಾಣುವ ಒಂದು ಗುರುತನ್ನೂ ಕಾಂತಕ್ಷೇತ್ರವನ್ನೂ ಒಟ್ಟಿಗೆ ತಿರುಗಿಸಿ ತೋರಿಸಿದಾಗ ಅದು ಜೊತೆಗೇ ತಿರುಗಿತು. ಎರಡನ್ನೂ ಒಂದಕ್ಕೊಂದು ವಿರುದ್ಧವಾಗಿಟ್ಟಾಗ ಕೆಲವು ನಿಮಿಷಗಳಲ್ಲೇ ದಿಕ್ಕೆಟ್ಟಿತು.

ಹೆಸರಿನಿಂದ ಮೋಸ ಹೋಗಬಾರದೆಂಬುದಕ್ಕೂ ಆಸ್ಟ್ರೇಲಿಯದಲ್ಲಿಯೇ ಒಂದು ನಿದರ್ಶನವಿದೆ. ಅಲ್ಲಿನ ಉತ್ತರ ಪ್ರಾಂತದಲ್ಲಿ, ಡಾರ್ವಿನ್ ನಗರದ ಸುತ್ತಮುತ್ತ, ಒಂದು ಜಾತಿಯ ಗೆದ್ದಲು ಆಳೆತ್ತರಕ್ಕೂ ಮೀರಿದ ಚಪ್ಪಟೆಯಾದ ಹುತ್ತಗಳನ್ನು ಕಟ್ಟುತ್ತದೆ. ಹುತ್ತದ ಕಿರಿಯ ಅಂಚುಗಳು ಉತ್ತರ ದಕ್ಷಿಣಕ್ಕೂ ಅಗಲವಾದ ಮುಖಗಳು ಪೂರ್ವ ಪಶ್ಚಿಮಕ್ಕೂ ಇರುತ್ತವೆ. ಜನರು ಅದನ್ನು ‘ಕಾಂತ ಗೆದ್ದಲು’ ಎಂದು ಕರೆದರು. ಆದರೆ ೧೯೭೩ರಲ್ಲಿ ಗಾರ್ಡನ್ ಗ್ರಿಗ್ ಪ್ರಕಟಿಸಿದ ಅಧ್ಯಯನವು, ಈ ಜೋಡಣೆಯ ಪ್ರಯೋಜನವಿರುವುದು ಹುತ್ತದ ಒಳಗಿನ ಉಷ್ಣತೆಯಲ್ಲಿ ಎಂದು ತೋರಿಸಿತು. ಬೆಳಗಿನ ಬಿಸಿಲು ಅಗಲವಾದ ಮುಖವನ್ನು ಬೇಗನೆ ಬೆಚ್ಚಗೆ ಮಾಡುತ್ತದೆ. ಮಧ್ಯಾಹ್ನದ ಉರಿಬಿಸಿಲು ಬೀಳುವುದು ತೆಳ್ಳನೆಯ ಅಂಚಿನ ಮೇಲೆ ಮಾತ್ರ. ಹಾಗಾದರೆ ಕಾಂತದ ಮಾತೆಲ್ಲ ಬರಿಯ ಹೆಸರೆ? ಅದೂ ಅಲ್ಲ. ೨೦೦೨ರಲ್ಲಿ ಜ್ಯಾಕ್ಲಿನ್ ಮತ್ತು ಮನ್ರೋ, ಹುತ್ತ ಕಟ್ಟುವಾಗ ಗೆದ್ದಲು ಕಾಂತಕ್ಷೇತ್ರದ ಸೂಚನೆಯನ್ನೂ ಬಳಸುತ್ತದೆಂಬುದಕ್ಕೆ ಸಾಕ್ಷ್ಯ ಒದಗಿಸಿದರು. ಏಕೆ ಕಟ್ಟುತ್ತದೆ ಎಂಬುದು ಒಂದು ಪ್ರಶ್ನೆ, ದಿಕ್ಕನ್ನು ಹೇಗೆ ಕಾಣುತ್ತದೆ ಎಂಬುದು ಇನ್ನೊಂದು. ಹೆಸರು ಎರಡನ್ನೂ ಕಲಸಿಬಿಟ್ಟಿತ್ತು, ಪ್ರಯೋಗವು ಬಿಡಿಸಿತು.

ಈಗ ನಮ್ಮ ಹಣ್ಣುನೊಣಕ್ಕೆ ಹಿಂದಿರುಗೋಣ. ೨೦೦೮ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಗೆಗಿಯರ್, ರೆಪ್ಪರ್ಟ್ ಮೊದಲಾದವರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಕವಲೊಡೆದ ನಳಿಗೆಯಲ್ಲಿ ಒಂದು ಕವಲಿಗೆ ಮಾತ್ರ ಕಾಂತಕ್ಷೇತ್ರವನ್ನು ಒದಗಿಸಿದಾಗ, ನೊಣಗಳು ಅದನ್ನು ಗುರುತಿಸುತ್ತವೆ. ಸಕ್ಕರೆಯ ಜೊತೆ ಅದನ್ನು ಸಂಬಂಧಿಸಿಕೊಳ್ಳಲು ಕಲಿಯುತ್ತವೆ. ನೀಲಿ ಮತ್ತು ಅತಿನೇರಳೆ ಬೆಳಕನ್ನು ತಡೆದರೆ ಗುರುತಿಸಲಾರವು. ಕ್ರಿಪ್ಟೋಕ್ರೋಮ್ ಇಲ್ಲದ ನೊಣಗಳಂತೂ ಗುರುತಿಸಲಾರವು: ಇದು ಅವರ ವರದಿ. ಶುಲ್ಟೆನ್‌ರ ವಾದಕ್ಕೆ ಇದಕ್ಕಿಂತ ಉತ್ತಮ ಬೆಂಬಲ ಯಾವುದು? ಹಣ್ಣುನೊಣದ ಅನುವಂಶೀಯತೆಯನ್ನು ನೂರು ವರ್ಷಗಳಿಂದ ಅಭ್ಯಾಸ ಮಾಡಿದ್ದಾರೆ. ಅದರ ಜೀನುಗಳನ್ನು ಬೇಕಾದಂತೆ ಬದಲಿಸಬಹುದು. ಕಾಂತಜ್ಞಾನದ ರಹಸ್ಯವನ್ನು ಒಡೆಯಲು ಕೀಲಿಕೈ ಸಿಕ್ಕಿತೆಂದು ಅನೇಕರು ಹಿಗ್ಗಿದರು. ಇನ್ನೂ ಹಲವು ತಂಡಗಳು ತಮ್ಮ ನೊಣಗಳಲ್ಲಿಯೂ ಪರಿಣಾಮ ಕಂಡುದಾಗಿ ಬರೆದವು.

೨೦೨೩ರಲ್ಲಿ ಅದೇ ‘ನೇಚರ್’ ಪತ್ರಿಕೆಯಲ್ಲಿ ಜರ್ಮನಿಯ ಓಲ್ಡನ್‌ಬರ್ಗಿನ ಬಸೆಟ್ಟೋ, ಮೌರಿಟ್ಸನ್ ಮತ್ತು ಆಕ್ಸ್‌ಫರ್ಡಿನ ಪೀಟರ್ ಹೋರ್ ಮೊದಲಾದವರ ಲೇಖನ ಬಂತು. ಹಕ್ಕಿಗಳ ಕಾಂತಜ್ಞಾನಕ್ಕೆ ಕ್ರಿಪ್ಟೋಕ್ರೋಮೇ ಕಾರಣವಿರಬೇಕೆಂದು ವಾದಿಸುತ್ತ ಬಂದವರಲ್ಲಿ ಮೌರಿಟ್ಸನ್ ಮತ್ತು ಹೋರ್ ಪ್ರಮುಖರು. ನೊಣದಲ್ಲಿಯೂ ‘ಹೌದು’ ಎಂಬ ಉತ್ತರ ಬಂದಿದ್ದರೆ ಹೆಚ್ಚು ಸಂತೋಷಪಡಬೇಕಾದವರು ಅವರೇ. ಅವರು ಕವಲು ನಳಿಗೆಯಲ್ಲಿ ೯೭,೬೫೮ ನೊಣಗಳನ್ನು ಪರೀಕ್ಷಿಸಿದರು. ನಳಿಗೆಯನ್ನು ತಟ್ಟಿದೊಡನೆ ಮೇಲಕ್ಕೆ ಹತ್ತುವ ನೊಣದ ಸಹಜ ಗುಣವು ಕಾಂತದಿಂದ ಬದಲಾಗುತ್ತದೆಯೆ ಎಂದು ನೋಡಲು ಇನ್ನೂ ೧೦,೯೬೦ ನೊಣಗಳನ್ನು ಪರೀಕ್ಷಿಸಿದರು. ಉತ್ತರ: ಯಾವ ಪರಿಣಾಮವೂ ಇಲ್ಲ. ಹಿಂದಿನ ಪ್ರಯೋಗಗಳಲ್ಲಿ ನೊಣಗಳ ಸಂಖ್ಯೆ ಸಾಲದೆ, ಆಕಸ್ಮಿಕವೇ ಪರಿಣಾಮದಂತೆ ಕಂಡಿರುವ ಸಂಭವ ಹೆಚ್ಚು ಎಂದು ಅವರು ತೀರ್ಮಾನಿಸಿದರು.

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬಾರದು. ಅದೇ ೨೦೨೩ರಲ್ಲಿ, ಅದೇ ಪತ್ರಿಕೆಯಲ್ಲಿ, ಇಂಗ್ಲೆಂಡಿನ ಇನ್ನೊಂದು ತಂಡವು, ಭೂಕ್ಷೇತ್ರಕ್ಕಿಂತ ಬಹಳ ಪ್ರಬಲವಾದ ಕ್ಷೇತ್ರವನ್ನು ಬಳಸಿ, ಹಣ್ಣುನೊಣದ ನರಕೋಶಗಳಲ್ಲಿ ಬೆಳಕಿನ ಜೊತೆಗೂಡಿದ ಕಾಂತೀಯ ಪರಿಣಾಮ ಕಂಡಿತೆಂದು ವರದಿ ಮಾಡಿದೆ. ನಾವು ಮೊದಲಲ್ಲಿಯೇ ಬಿಡಿಸಿಟ್ಟುಕೊಂಡ ಎರಡು ಪ್ರಶ್ನೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ನರಕೋಶವು ಪ್ರಬಲ ಕ್ಷೇತ್ರಕ್ಕೆ ಪ್ರತಿಕ್ರಿಯಿಸುವುದು ಬೇರೆ, ಇಡೀ ನೊಣವು ಕ್ಷೇತ್ರವನ್ನು ಅರಿತು ನಡೆಯುವುದು ಬೇರೆ.

ಬೇರೆ ಜೀವಿಗಳಲ್ಲಿಯೂ ಇಂಥದೇ ನಡೆದಿದೆ. ಮಣ್ಣಿನಲ್ಲಿ ಬಾಳುವ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದು ಭೂಕ್ಷೇತ್ರವನ್ನು ಹಿಡಿದು ಮೇಲೆ ಕೆಳಗೆಗಳನ್ನು ತಿಳಿಯುತ್ತದೆ, ಹಸಿದಾಗ ಒಂದು ದಿಕ್ಕಿಗೂ ಉಂಡಾಗ ಇನ್ನೊಂದು ದಿಕ್ಕಿಗೂ ಸಾಗುತ್ತದೆ ಎಂದು ೨೦೧೫ರಲ್ಲಿ ಅಮೆರಿಕದ ಟೆಕ್ಸಾಸಿನಿಂದ ವರದಿ ಬಂತು. ೨೦೧೮ರಲ್ಲಿ ವಿಯೆನ್ನಾದ ತಂಡವೊಂದು ಅದನ್ನು ಪುನಃ ಮಾಡಿ, ಸಾಕ್ಷ್ಯ ಸಿಗಲಿಲ್ಲವೆಂದು ಪ್ರಕಟಿಸಿತು. ಮೊದಲಿನ ತಂಡ ಪ್ರತ್ಯುತ್ತರ ಬರೆಯಿತು. ಇಂಥ ವಾದ ಪ್ರತಿವಾದಗಳನ್ನು ಕಂಡು ‘ವಿಜ್ಞಾನಿಗಳಿಗೇ ಗೊತ್ತಿಲ್ಲ’ ಎಂದು ನಗುವವರಿದ್ದಾರೆ. ನಾನು ಇದರಲ್ಲಿ ನಗೆಗೀಡಾದುದನ್ನು ಕಾಣೆ. ಬೇರೊಬ್ಬರ ‘ಹೌದು’ ಎಂಬುದನ್ನು ವರ್ಷಗಟ್ಟಲೆ ಕೂತು ಪರೀಕ್ಷಿಸಿ, ‘ನಮಗೆ ಕಾಣಲಿಲ್ಲ’ ಎಂದು ಬಹಿರಂಗವಾಗಿ ಹೇಳುವವರು ಇರುವುದರಿಂದಲೇ, ಜೇನುನೊಣದ ವಿಷಯದಲ್ಲಿ ಉಳಿದು ನಿಂತ ‘ಹೌದು’ ಎಂಬುದಕ್ಕೆ ಬೆಲೆ ಬಂದಿದೆ. ಎಲ್ಲ ನಾಣ್ಯವೂ ಸಾಚಾ ಎನ್ನುವ ಅಕ್ಕಸಾಲಿಗನ ಮಾತನ್ನು ಯಾರು ನಂಬುತ್ತಾರೆ?

ಇನ್ನು ನಮ್ಮ ಕಾಲೇಜುಗಳ ಮಾತು. ನನ್ನ ವಿದ್ಯಾರ್ಥಿನಿಯರ ಮೊದಲ ಎಣಿಕೆಯನ್ನೇ ತೆಗೆದುಕೊಳ್ಳಿ. ಕಿಟಕಿಯ ಬೆಳಕನ್ನು ಒಂದು ಗಳಿಗೆ ಮರೆತುಬಿಡೋಣ. ೪೦ ನಾಣ್ಯಗಳನ್ನು ಚಿಮ್ಮಿದರೆ ೨೭ಕ್ಕೆ ೧೩ರಷ್ಟಾದರೂ ಏರುಪೇರು, ಯಾವುದಾದರೊಂದು ಕಡೆಗೆ, ಬರುವ ಸಂಭವ ಎಷ್ಟು? ಲೆಕ್ಕ ಹಾಕಿದರೆ ಸುಮಾರು ೨೬ರಲ್ಲಿ ಒಂದು. ಎಂದರೆ ೨೬ ಕಾಲೇಜುಗಳು ಇದೇ ಪ್ರಯೋಗವನ್ನು ಮಾಡಿದರೆ, ಕಾಂತಕ್ಕೆ ಯಾವ ಪ್ರಭಾವವೂ ಇಲ್ಲದಿದ್ದರೂ, ಸರಾಸರಿ ಒಂದು ಕಾಲೇಜಿಗೆ ಇಂಥ ಸೊಗಸಾದ ಫಲ ಸಿಕ್ಕೇ ಸಿಗುತ್ತದೆ. ನೊಣಗಳು ನಾಣ್ಯಗಳಲ್ಲ, ಒಂದು ಹೋದೆ ಕಡೆಗೆ ಇನ್ನೊಂದು ಹೋಗುತ್ತದೆ, ಆದುದರಿಂದ ಇಂಥ ಆಕಸ್ಮಿಕಗಳು ಇನ್ನೂ ಹೆಚ್ಚು. ಉಳಿದ ೨೫ ಕಾಲೇಜುಗಳ ವಿದ್ಯಾರ್ಥಿಗಳು ‘ನಮ್ಮದು ಸರಿಬರಲಿಲ್ಲ’ ಎಂದು ನಾಚಿ ಸುಮ್ಮನಾಗುತ್ತಾರೆ. ಒಬ್ಬರು ಮಾತ್ರ ಪ್ರದರ್ಶನಕ್ಕೆ ಬರುತ್ತಾರೆ; ಬಹುಮಾನವೂ ಅವರಿಗೇ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಮೋಸ ಮಾಡಿಲ್ಲ. ಆದರೂ ನೋಡಲು ಬಂದ ಸಾವಿರಾರು ಮಕ್ಕಳು ಸುಳ್ಳೊಂದನ್ನು ನಿಜವೆಂದು ನಂಬಿ ಮನೆಗೆ ಹೋದರು. ಸುಮ್ಮನಾದ ಆ ೨೫ ಕಾಲೇಜುಗಳ ಮೌನವೇ ಈ ಸುಳ್ಳಿನ ತಾಯಿ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ ಪ್ರದರ್ಶನಗಳ ತೀರ್ಪುಗಾರರಲ್ಲಿಯೂ ನನ್ನ ಬಿನ್ನಹವಿಷ್ಟೆ. ಅಂಕವನ್ನಾಗಲಿ ಬಹುಮಾನವನ್ನಾಗಲಿ ಫಲಕ್ಕೆ ಕೊಡಬೇಡಿ. ಪ್ರಶ್ನೆ ಕೇಳಿದ ಕ್ರಮಕ್ಕೆ ಕೊಡಿ. ಎಷ್ಟು ಸಲ ಎಣಿಸುತ್ತೇವೆ, ಯಾವ ಫಲ ಬಂದರೆ ‘ಹೌದು’ ಎನ್ನುತ್ತೇವೆ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದಿಟ್ಟವರಿಗೆ ಕೊಡಿ. ಕಾಂತವನ್ನು ಇನ್ನೊಂದು ತುದಿಗಿಟ್ಟು ನೋಡಿದವರಿಗೆ ಕೊಡಿ. ತಂತಿಯ ಸುರುಳಿಯಿಂದ ಕ್ಷೇತ್ರವನ್ನು ಪಡೆಯುವಾಗ ಸುರುಳಿ ಬಿಸಿಯಾಗುತ್ತದೆ, ಆ ಬಿಸಿಯೇ ಕೀಟವನ್ನು ಸೆಳೆಯಬಹುದು. ಎರಡು ತಂತಿಗಳನ್ನು ಜೊತೆಯಾಗಿ ಸುತ್ತಿ, ಒಂದು ಸಲ ಎರಡರಲ್ಲಿಯೂ ಒಂದೇ ದಿಕ್ಕಿಗೆ, ಇನ್ನೊಂದು ಸಲ ವಿರುದ್ಧ ದಿಕ್ಕುಗಳಿಗೆ ವಿದ್ಯುತ್ತನ್ನು ಹರಿಸಿದರೆ, ಬಿಸಿ ಅಷ್ಟೇ ಇರುತ್ತದೆ, ಕ್ಷೇತ್ರ ಮಾತ್ರ ಇಲ್ಲವಾಗುತ್ತದೆ. ಇಷ್ಟು ಯೋಚಿಸಿದ ವಿದ್ಯಾರ್ಥಿಗೆ ಕೀಟ ಕದಲಲಿ ಬಿಡಲಿ, ಮೊದಲ ಬಹುಮಾನ ಸಲ್ಲಬೇಕು. ಪ್ರತಿ ಪ್ರದರ್ಶನದಲ್ಲಿಯೂ, ಹಿಂದಿನ ವರ್ಷ ಗೆದ್ದ ಪ್ರಯೋಗವೊಂದನ್ನು ಬೇರೆಯವರು ಪುನಃ ಮಾಡಿ ತೋರಿಸಲು ಒಂದು ಮೇಜು ಮೀಸಲಾಗಿರಲಿ.

‘ಹುಡುಗರಿಗೆ ಹೀಗೆ ಸಂಶಯವನ್ನೇ ಕಲಿಸಿದರೆ ಉತ್ಸಾಹ ಬತ್ತುವುದಿಲ್ಲವೆ?’ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ವಿಸ್ಮಯವಿಲ್ಲದವನು ಪ್ರಯೋಗಶಾಲೆಯ ಬಾಗಿಲನ್ನೇ ತಟ್ಟುವುದಿಲ್ಲ. ಆದರೆ ಲಾಬ್‌ಸ್ಟರ್ ತಾನು ನಿಂತಲ್ಲಿಯೇ ಮನೆಯ ದಿಕ್ಕನ್ನು ಕಂಡ ಕಥೆಯಲ್ಲಿ ವಿಸ್ಮಯವೇನು ಕಡಮೆಯೆ? ಆ ವಿಸ್ಮಯವನ್ನು ನಾವು ನೆಮ್ಮದಿಯಿಂದ ಅನುಭವಿಸಲು ಸಾಧ್ಯವಾದುದು, ಅದನ್ನು ಪರೀಕ್ಷಿಸಿದವರು ಮೊದಲು ತಮ್ಮನ್ನೇ ಸಂಶಯಿಸಿಕೊಂಡುದರಿಂದ. ಹಾಗೆಯೇ ‘ಇಲ್ಲ’ ಎಂಬ ಉತ್ತರವನ್ನೂ ಅದರ ಅಳತೆಗೆ ಮೀರಿ ಹಿಗ್ಗಿಸಬಾರದು. ನಮ್ಮ ಎರಡನೆಯ ಪ್ರಯೋಗವು ಹೇಳಿದುದು ‘ನೊಣಕ್ಕೆ ಕಾಂತಜ್ಞಾನವಿಲ್ಲ’ ಎಂದಲ್ಲ. ಈ ನಳಿಗೆಯಲ್ಲಿ, ಈ ಬೆಳಕಿನಲ್ಲಿ, ಈ ಕಾಂತದ ಕಡೆಗೆ ನಮ್ಮ ನೊಣಗಳು ಕಣ್ಣಿಗೆ ಕಾಣುವಷ್ಟು ವಾಲಲಿಲ್ಲವೆಂದು ಮಾತ್ರ. ಮಾತು ಚಿಕ್ಕದು, ಆದರೆ ಅದು ಗಳಿಸಿದ ಮಾತು.

ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ ಇದು: ಕೆಟ್ಟಿದ್ದು ಮೊದಲನೆಯ ಪ್ರಯೋಗ, ಅದರಲ್ಲಿ ತಪ್ಪು ಹೆಚ್ಚಾಗಿ ನನ್ನದು, ಎರಡನೆಯದು ಕೆಡಲಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಆ ಇಬ್ಬರೂ ಅದನ್ನು ಕಂಡುಕೊಂಡಿದ್ದರು. ಮರುವರ್ಷ ನಮ್ಮ ಕಾಲೇಜಿನಲ್ಲಿಯೇ ನಡೆದ ಚಿಕ್ಕ ಪ್ರದರ್ಶನದಲ್ಲಿ ಅವರು ಎರಡು ಎಣಿಕೆಯ ಹಾಳೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಅಂಟಿಸಿದ್ದರು. ನೋಡಲು ಬಂದ ಹಿರಿಯರೊಬ್ಬರು, “ಹಾಗಾದರೆ ನೀವು ತೋರಿಸುವುದೇನಮ್ಮ?” ಎಂದು ಕೇಳಿದರು. ಅವಳು ಮೊದಲ ಹಾಳೆಯ ಮೇಲೆ ಬೆರಳಿಟ್ಟು, “ಇಲ್ಲಿ ಕಿಟಕಿ ತೆರೆದಿತ್ತು, ಸಾರ್” ಎಂದಳು.